ರೇಸಿಗೆ ಮುಂಚಿನ ಓವರಾಯ್ಲಿಂಗ್: ದಾವಣಗೆರೆ ಹಳೇ ಊರಿನ ಒಂದು ಸೈಕಲ್ ಅಂಗಡಿಯ ಕೆಲಸ ಹೇಗಿದೆ

ಸೈಕಲ್ ಅಂಗಡಿಗಳಲ್ಲಿ ಓವರಾಯ್ಲಿಂಗ್ ಅಂದರೆ ಸಾಮಾನ್ಯವಾಗಿ ಮೂರೇ ಕೆಲಸ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುವುದು, ಕಂಡಕಂಡಲ್ಲಿ ಎಣ್ಣೆ ಬಿಡುವುದು, ಬ್ರೇಕ್ ಬಿಗಿ ಮಾಡುವುದು. ಕಾರಹುಣ್ಣಿಮೆ ಎತ್ತಿನ ಹಾಗೆ ಸೈಕಲ್ ಮಿಂಚುತ್ತದೆ. ರೇಸ್ ಶುರುವಾಗಿ ಎಂಟು ಕಿಲೋಮೀಟರ್ ಆಗುವಷ್ಟರಲ್ಲಿ ಪೆಡಲ್ ಕಡೆಯಿಂದ ಕಟಕಟ ಶಬ್ದವೂ ಬರುತ್ತದೆ. ಹಳೇ ಊರಿನ ಈ ಅಂಗಡಿಯ ಕೆಲಸ ಆ ಜಾತಿಯದಲ್ಲ. ವೀಲು, ಬೇರಿಂಗು, ಕಾಟರ್ ಪಿನ್ನು, ಫ್ರೀವೀಲು: ಇವುಗಳಲ್ಲಿ ಇಲ್ಲಿನ ಕೈ ಬಲು ಚೊಕ್ಕ. ಗೇರ್ ಕೇಬಲ್ ಮತ್ತು ಡಿಸ್ಕ್ ಬ್ರೇಕಿಗೆ ಮಾತ್ರ ಪಕ್ಕದಲ್ಲಿ ನಿಂತು, ಹೇಳಿ ಮಾಡಿಸಿಕೊಳ್ಳಬೇಕು.

ಅಂಗಡಿಯ ಹೆಸರು ಬೇಡ. ಒಪ್ಪಿನ ಜೊತೆ ತಪ್ಪನ್ನೂ ಬರೆಯಬೇಕಾದಾಗ ಅದೇ ವಾಸಿ. ಮೇಲಾಗಿ ಇಲ್ಲಿ ಹೇಳಿರುವುದನ್ನೆಲ್ಲ ಯಾವ ಊರಿನ ಯಾವ ಅಂಗಡಿಯಲ್ಲಾದರೂ ಕೇಳಿ ಮಾಡಿಸಿಕೊಳ್ಳಬಹುದು. ನೋಡಿದ್ದು ಮೂರು ಬಗೆಯ ಸೈಕಲ್ಲಿನ ಕೆಲಸ: ಗೇರಿಲ್ಲದ 28 ಇಂಚಿನ ಕರಿ ಸೈಕಲ್, ಶಿಮಾನೊ ಕಂಪನಿಯ ಕ್ಲಾರಿಸ್ ಗೇರಿರುವ 8 ಸ್ಪೀಡಿನ ರೋಡ್ ಬೈಕ್, ಮೆಕ್ಯಾನಿಕಲ್ ಡಿಸ್ಕ್ ಇರುವ ಹೈಬ್ರಿಡ್. ಗೇರಿಲ್ಲದ್ದಕ್ಕೆ 500 ರೂಪಾಯಿ, ಗೇರಿದ್ದದ್ದಕ್ಕೆ 900, ಸಾಮಾನು ಬೇರೆ. ಬರೀ ಬೆಂಡ್ ತೆಗೆಸುವುದಾದರೆ ಒಂದು ವೀಲಿಗೆ 80.

ಮೊದಲು ಗೇರಿಲ್ಲದ್ದು, ಏಕೆಂದರೆ ಅಂಗಡಿಯ ಅಸಲು ಕಸುಬು ಅದೇ. ಜಾತ್ರೆ ರೇಸುಗಳಲ್ಲಿ ಇವತ್ತಿಗೂ ಗೇರಿಲ್ಲದ ಸೈಕಲ್ಲಿನದೇ ಒಂದು ಬೇರೆ ವಿಭಾಗ ಇರುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ಅದಕ್ಕೆಂದೇ ತಯಾರಾಗಿ ಬರುತ್ತಾರೆ. ಅವರ ಸೈಕಲ್ ನೋಡಿದರೆ ಹಳ್ಳಿಯಲ್ಲಿ ಹಾಲಿನ ಕ್ಯಾನ್ ಹೊರುವ ಸೈಕಲ್ಲೇ. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಚೈನ್ ಕವರ್, ಬೆಲ್ ಇರುವುದಿಲ್ಲ, ಅಷ್ಟೇ. ಇಪ್ಪತ್ತು ಕೆಜಿ ಆಸುಪಾಸಿನ ಸೈಕಲ್ ಅಲ್ಲಿಗೆ ಮೂರು ಕೆಜಿಯಷ್ಟು ಹಗುರವಾಗುತ್ತದೆ. ಬಿಚ್ಚುವುದು ಯಾರಿಗೂ ಬರುತ್ತದೆ. ಬಿಚ್ಚಿದ ಮೇಲೆ ಹಿಂದಿನ ಆಕ್ಸಲ್ ಮೇಲೆ ಏನು ಉಳಿಯುತ್ತದೆ ಅನ್ನುವುದನ್ನು ನೋಡುವವರು ಕಡಿಮೆ. ಸ್ಟ್ಯಾಂಡ್ ಮತ್ತು ಮಡ್‌ಗಾರ್ಡ್ ಕಡ್ಡಿಗಳ ಜಾಗದಲ್ಲಿ ದಪ್ಪ ವಾಷರ್ ಹಾಕದೆ ನಟ್ ಬಿಗಿದರೆ, ಅದು ನೇರ ಪೇಂಟಿನ ಮೇಲೆ ಕೂತು ಜಾರುತ್ತದೆ. ಕೊನೆಯ ಇನ್ನೂರು ಮೀಟರಿನಲ್ಲಿ ಎದ್ದು ತುಳಿದಾಗ ಚೈನು ಆಕ್ಸಲ್ಲಿನ ಬಲತುದಿಯನ್ನು ಮುಂದಕ್ಕೆ ಎಳೆಯುತ್ತದೆ, ಟೈರು ಎಡಗಡೆಯ ಫ್ರೇಮಿಗೆ ಉಜ್ಜುತ್ತದೆ, ರೇಸ್ ಅಲ್ಲಿಗೆ ಮುಗಿಯಿತು. ಇಲ್ಲಿ ಎರಡೂ ಪಕ್ಕ ಹಲ್ಲಿರುವ ವಾಷರ್ ಹಾಕುತ್ತಾರೆ. ಕೇಳದಿದ್ದರೂ ಹಾಕುತ್ತಾರೆ.

ಪೆಡಲುಗಳ ನಡುವಿನ ಆಕ್ಸಲ್ ತಿರುಗುವ ಜಾಗವನ್ನು, ಅಂದರೆ ಬಾಟಮ್ ಬ್ರಾಕೆಟ್ಟನ್ನು, ಪೂರ್ತಿ ಬಿಚ್ಚುತ್ತಾರೆ. ಕಾಲಿಂಚಿನ ಬೇರಿಂಗ್ ಬಾಲು, ಪಕ್ಕಕ್ಕೆ ಹನ್ನೊಂದು. ಬಾಲು ಕೂರುವ ಬಟ್ಟಲಿನ, ಅಂದರೆ ಕಪ್ಪಿನ, ತುಂಬ ಬಾಲು ಜೋಡಿಸಿ ಒಂದನ್ನು ತೆಗೆಯುವುದು ಹಳೆಯ ಲೆಕ್ಕ. ತುಂಬಿಯೇ ಬಿಟ್ಟರೆ ಒಂದಕ್ಕೊಂದು ತಿಕ್ಕುತ್ತವೆ, ಎರಡು ಕಡಿಮೆ ಹಾಕಿದರೆ ಭಾರವೆಲ್ಲ ಉಳಿದವುಗಳ ಮೇಲೆ ಬಿದ್ದು ಕಪ್ಪಿನಲ್ಲಿ ಗುಳಿ ಬೀಳುತ್ತದೆ. ಹಳೆಯ ಬಾಲು ಕಣ್ಣಿಗೆ ಚೆನ್ನಾಗಿ ಕಂಡರೂ ವಾಪಸ್ ಹಾಕುವುದಿಲ್ಲ. ಹೊಸ ಬಾಲಿಗೆ ಖರ್ಚು ಒಂದು ಪ್ಲೇಟ್ ಬೆಣ್ಣೆದೋಸೆಯದೂ ಆಗುವುದಿಲ್ಲ ಅನ್ನುವುದು ಮಾಲೀಕರ ವಾದ, ಸರಿಯಾದ ವಾದವೇ.

ಇನ್ನು ಕಾಟರ್ ಪಿನ್ನು. ಪೆಡಲ್ ಕೂರುವ ಕೋಲನ್ನು, ಅಂದರೆ ಕ್ರ್ಯಾಂಕನ್ನು, ಆಕ್ಸಲ್ಲಿಗೆ ಹಿಡಿದಿಡುವುದು ಈ ಪಿನ್ನಿನ ಓರೆಯ ಒಂದು ಮುಖ ಮಾತ್ರ. ಕೊಂಡು ತಂದ ಪಿನ್ನನ್ನು ಹಾಗೇ ತೂರಿಸಿ ಸುತ್ತಿಗೆಯಲ್ಲಿ ಬಡಿದರೆ ಆ ಮುಖ ಒಂದು ಮೂಲೆಯಲ್ಲಿ ಮಾತ್ರ ತಾಗುತ್ತದೆ. ಇಲ್ಲಿ ಪಿನ್ನನ್ನು ತೂರಿಸಿ, ತೆಗೆದು, ಹೊಳಪು ಎಲ್ಲಿ ಬಿದ್ದಿದೆ ನೋಡುತ್ತಾರೆ. ಅಷ್ಟನ್ನೇ ಅರದಲ್ಲಿ ಎರಡು ಸಲ ಉಜ್ಜಿ ಮತ್ತೆ ತೂರಿಸುತ್ತಾರೆ. ಮೂರ್ನಾಲ್ಕು ಸಲ ಹೀಗೆ ಆದ ಮೇಲೆ ಹೊಳಪು ಮುಖದ ಉದ್ದಕ್ಕೂ ಬೀಳುತ್ತದೆ. ಎರಡು ಪಿನ್ನುಗಳೂ ಒಂದೇ ಅಳತೆ ಉಜ್ಜಿರಬೇಕು, ಒಂದರ ನಟ್ ಮೇಲಿದ್ದಾಗ ಇನ್ನೊಂದರದು ಕೆಳಗಿರಬೇಕು. ತಪ್ಪಿದರೆ ಎರಡು ಕ್ರ್ಯಾಂಕ್ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ, ತುಳಿಯುವವರಿಗೆ ಕುಂಟಿದ ಹಾಗೆ ಅನಿಸುತ್ತದೆ. ಬಡಿಯುವಾಗ ಕ್ರ್ಯಾಂಕಿನ ಕೆಳಗೆ ಒಂದು ಪೈಪ್ ತುಂಡನ್ನು ನೆಲಕ್ಕೆ ಊರಿ ಆನಿಕೆ ಕೊಡುತ್ತಾರೆ. ಕೊಡದಿದ್ದರೆ ಏಟು ಹೋಗಿ ಬೀಳುವುದು ಈಗಷ್ಟೇ ಹಾಕಿದ ಹೊಸ ಬಾಲಿನ ಮೇಲೆ. ಇಷ್ಟಾದರೂ ಹೊಸ ಪಿನ್ನು ಮೊದಲ ಇಪ್ಪತ್ತು ಮೂವತ್ತು ಕಿಲೋಮೀಟರಿನಲ್ಲಿ ಒಂದಿಷ್ಟು ಕೂರುತ್ತದೆ, ಸಡಿಲಾಗುತ್ತದೆ. ಮತ್ತೊಮ್ಮೆ ಬಿಗಿಯಲೇಬೇಕು. ಅದಕ್ಕೆ ದುಡ್ಡಿಲ್ಲ.

ಫ್ರೀವೀಲನ್ನು ಪಿನ್ ಹಾಕಿ ಬಿಚ್ಚುತ್ತಾರೆ. ಮೇಲಿನ ರಿಂಗಿನದು ಉಲ್ಟಾ ಮರೆ, ಬಲಕ್ಕೆ ತಿರುಗಿಸಿದರೆ ಸಡಿಲ. ಒಳಗೆ ತೆಳು ಎಣ್ಣೆ ಮಾತ್ರ. ಗ್ರೀಸ್ ತುಂಬಿ ಶಬ್ದ ಕಡಿಮೆ ಮಾಡಿಕೊಡುವ ಅಂಗಡಿಗಳೂ ಇವೆ, ಗಿರಾಕಿಗೆ ಖುಷಿಯೂ ಆಗುತ್ತದೆ. ಆದರೆ ಗ್ರೀಸಿನಲ್ಲಿ ಕುದುರೆಗಳು, ಅಂದರೆ ಒಳಗಿನ ಹಲ್ಲಿಗೆ ಸಿಕ್ಕಿಕೊಳ್ಳುವ ಪುಟ್ಟ ಕೊಕ್ಕೆಗಳು, ಅಂಟಿಕೊಂಡು ಸಮಯಕ್ಕೆ ಏಳುವುದಿಲ್ಲ, ಜೋರಾಗಿ ತುಳಿದಾಗ ಪೆಡಲ್ ಬರಿದೇ ತಿರುಗುತ್ತದೆ. ಎದ್ದು ನಿಂತು ತುಳಿಯುವಾಗ ಹಾಗಾದರೆ ಎದೆ ಹ್ಯಾಂಡಲ್ಲಿಗೆ ಬಡಿಯುತ್ತದೆ.

ಹಲ್ಲಿನ ಲೆಕ್ಕದಲ್ಲೂ ಇವರ ಸಲಹೆ ಕೇಳುವಂಥದ್ದು. 28 ಇಂಚಿನ ವೀಲು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಮುಂದೆ 44, ಹಿಂದೆ 18 ಹಲ್ಲಿದ್ದರೆ ಪೆಡಲ್ ಒಂದು ಸುತ್ತಿಗೆ 5.4 ಮೀಟರ್, ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 29 ಕಿಲೋಮೀಟರ್. 48-18 ಆದರೆ 5.9 ಮೀಟರ್, ಸುಮಾರು 32 ಕಿಲೋಮೀಟರ್. 48-16 ಆದರೆ 6.6 ಮೀಟರ್, 35ರ ಮೇಲೆ. ಕಾಗದದ ಮೇಲೆ ಮೂರನೆಯದೇ ಗೆಲ್ಲಬೇಕು. ಆದರೆ ನಮ್ಮ ಕಡೆಯ ಬಹುತೇಕ ರೇಸುಗಳು ಹೋಗಿ ಬರುವ ರೇಸುಗಳು: ಡಾಂಬರು ರಸ್ತೆ ನಡುವೆ ಒಂದು ಡ್ರಮ್ ಇಟ್ಟಿರುತ್ತಾರೆ, ಅದನ್ನು ಸುತ್ತಿ ವಾಪಸ್. ಡ್ರಮ್ಮಿನ ಹತ್ತಿರ ವೇಗ ಸತ್ತು ಹೋಗಿ, ಮತ್ತೆ ಸೊನ್ನೆಯಿಂದ ಎಬ್ಬಿಸಬೇಕು. ಎದುರು ಗಾಳಿಯೂ ಇದ್ದರೆ 16ರ ಫ್ರೀವೀಲಿನವರು ಅಲ್ಲೇ ಐವತ್ತು ಮೀಟರ್ ಕಳೆದುಕೊಳ್ಳುತ್ತಾರೆ. 48-18 ಹಾಕಿಸಿ, ನಿಮಿಷಕ್ಕೆ 110 ಸುತ್ತು ತುಳಿಯುವುದನ್ನು ಕಲಿತುಕೊಳ್ಳಿ ಅನ್ನುತ್ತಾರೆ. ಆಗ 38 ಮುಟ್ಟುತ್ತದೆ. ಕೆಲವು ಕಡೆ ಫ್ರೀವೀಲ್ ಬದಲಿಸಲು ಬಿಡುವುದಿಲ್ಲ, ಹೆಸರು ಕೊಡುವಾಗಲೇ ವಿಚಾರಿಸಿಕೊಳ್ಳಬೇಕು.

ವೀಲಿನ ಬೆಂಡ್ ತೆಗೆಯುವುದನ್ನು ನೋಡಲಿಕ್ಕಾದರೂ ಒಮ್ಮೆ ಅಂಗಡಿಗೆ ಹೋಗಬೇಕು. ವೀಲು ಕೂರಿಸುವ ಸ್ಟ್ಯಾಂಡ್ ಇಲ್ಲ, ಬೆಂಡ್ ಅಳೆಯುವ ಡಯಲ್ ಗೇಜ್ ಇಲ್ಲ. ಸೈಕಲ್ ತಲೆಕೆಳಗು, ಫೋರ್ಕಿಗೆ ಹೆಬ್ಬೆರಳು ಒತ್ತಿ ಅದರ ತುದಿಯಲ್ಲಿ ಸೀಮೆಸುಣ್ಣದ ಚೂರು. ವೀಲನ್ನು ನಿಧಾನ ತಿರುಗಿಸಿದಾಗ ರಿಮ್ಮು ಎಲ್ಲಿ ಹೊರಬಂದಿದೆಯೋ ಅಲ್ಲಿ ಬಿಳಿ ಗೆರೆ. ಗೆರೆಯ ಮಧ್ಯದ ಕಡ್ಡಿಯ ಎದುರು ಪಕ್ಕದ ಎರಡನ್ನು ಕಾಲು ಸುತ್ತು ಬಿಗಿ, ಇದೇ ಪಕ್ಕದ್ದನ್ನು ಕಾಲು ಸುತ್ತು ಸಡಿಲ. ಪ್ರತಿ ಸುತ್ತಿನ ನಂತರ ಕಡ್ಡಿಗಳನ್ನು ಬೆರಳಿನಿಂದ ಮೀಟಿ ಕೇಳುತ್ತಾರೆ. ಒಂದು ಪಕ್ಕದ ಕಡ್ಡಿಗಳೆಲ್ಲ ಹೆಚ್ಚುಕಮ್ಮಿ ಒಂದೇ ಶ್ರುತಿಯಲ್ಲಿರಬೇಕು. ನಡುವೆ ಒಂದು ಕಡ್ಡಿ ಟಪ್ ಎಂದರೆ ಪಕ್ಕದ ಕಡ್ಡಿಗಳು ಅದರ ಭಾರವನ್ನೂ ಹೊತ್ತಿವೆ ಅಂತ ಅರ್ಥ. ಇವತ್ತು ನೆಟ್ಟಗಿದ್ದರೂ ಹತ್ತು ಗುಂಡಿ ಹಾರಿದ ಮೇಲೆ ಮತ್ತೆ ಬೆಂಡ್. ಕರಿ ಸೈಕಲ್ಲಿನ ಮುಂದಿನ 32, ಹಿಂದಿನ 40 ಕಡ್ಡಿ ಹೀಗೆ ಮುಗಿಯಲು ಒಂದು ಗಂಟೆ ಬೇಕು. ಕ್ಯಾಲಿಪರ್ ಬ್ರೇಕಿನ ರೋಡ್ ಬೈಕಿನಲ್ಲಿ ಪ್ಯಾಡ್ ಮತ್ತು ರಿಮ್ಮಿನ ನಡುವೆ ಎರಡು ಮಿಲಿಮೀಟರ್ ಬಿಟ್ಟು, ವೀಲು ತಿರುಗಿಸಿ ನೋಡಿದರೆ ಆ ಸಂದು ಅಲುಗಾಡುವುದು ಅರ್ಧ ಮಿಲಿಮೀಟರ್ ಮೀರಲಿಲ್ಲ. ಡಯಲ್ ಗೇಜ್ ಇದ್ದವರೂ ಇದಕ್ಕಿಂತ ಹೆಚ್ಚೇನೂ ಮಾಡುವುದಿಲ್ಲ.

ಲಿವರ್ ಎತ್ತಿ ಕಳಚುವ ಕ್ವಿಕ್ ರಿಲೀಸ್ ವೀಲಿನಲ್ಲಿ ಬೇರಿಂಗನ್ನು ಒತ್ತಿಡುವ ಕೋನ್ ಹೊಂದಿಸುವ ಗುಟ್ಟೂ ಇಲ್ಲಿ ಗೊತ್ತಿದೆ. ಲಿವರ್ ಒತ್ತಿದಾಗ ಟೊಳ್ಳು ಆಕ್ಸಲ್ ಕೂದಲೆಳೆಯಷ್ಟು ಕುಗ್ಗುತ್ತದೆ. ಆದ್ದರಿಂದ ಕೈಯಲ್ಲಿ ಹಿಡಿದಾಗ ಒಂಚೂರು ಆಟ, ಅಂದರೆ ಅಲುಗಾಟ, ಇರಬೇಕು, ಫ್ರೇಮಿಗೆ ಹಾಕಿ ಲಿವರ್ ಮುಚ್ಚಿದಾಗ ಆ ಆಟ ಹೋಗಬೇಕು. ಕೈಯಲ್ಲೇ ಆಟವಿಲ್ಲದ ಹಾಗೆ ಬಿಗಿದರೆ ಓಡುವಾಗ ಬೇರಿಂಗ್ ಹಿಡಿಯುತ್ತದೆ. ಮುಂದಿನ ಹಬ್ಬಿಗೆ ಪಕ್ಕಕ್ಕೆ ಹತ್ತು, ಹಿಂದಿನದಕ್ಕೆ ಒಂಬತ್ತು ಬಾಲು, ಎಣಿಸಿಯೇ ಹಾಕುತ್ತಾರೆ.

ಚೈನಿನ ಅಳತೆಗೆ ಗೇಜ್ ಇಲ್ಲ, ಸ್ಟೀಲ್ ಸ್ಕೇಲ್ ಸಾಕು. ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಇಟ್ಟರೆ 12 ಇಂಚಿಗೆ ಇನ್ನೊಂದು ಪಿನ್ನಿನ ಮಧ್ಯ ಸರಿಯಾಗಿ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನು ಬದಲಿಸುವ ಕಾಲ. ಎಂಟನೇ ಒಂದು ಭಾಗ ಹೋಗಿದ್ದರೆ ಹಿಂದಿನ ಹಲ್ಲುಗಳೂ ಸವೆದಿವೆ, ಬರೀ ಚೈನು ಹಾಕಿದರೆ ಹೊಸ ಚೈನು ಹಳೆಯ ಹಲ್ಲಿನ ಮೇಲೆ ಹಾರುತ್ತದೆ. ಇದನ್ನು ಗಿರಾಕಿಗೆ ತೋರಿಸಿಯೇ ಹೇಳುತ್ತಾರೆ. ಎಣ್ಣೆಯಲ್ಲಿ ಮಾತ್ರ ಕೈ ದೊಡ್ಡದು. ಇಂಜಿನ್ ಆಯಿಲ್ ಧಾರಾಳವಾಗಿ ಸುರಿಯುತ್ತಾರೆ, ಎರಡನೇ ದಿನಕ್ಕೆ ಎರೆಮಣ್ಣಿನ ಧೂಳು ಕೂತು ಚೈನು ಅರದ ಹಾಗಾಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದ ಚೈನು ಪೂರ್ತಿ ಒಣಗಲಿ, ಆಮೇಲೆ ರೋಲರಿಗೆ ಒಂದು ಹನಿಯಂತೆ ನಾನೇ ಬಿಡುತ್ತೇನೆ ಅಂದುಬಿಡಿ. ಹತ್ತು ನಿಮಿಷ ಬಿಟ್ಟು ಹೊರಮೈಯನ್ನು ಒಣಬಟ್ಟೆಯಲ್ಲಿ ಒರೆಸಿದರೆ ಆಯಿತು. ಹೊರಗೆ ಕಾಣುವ ಎಣ್ಣೆಗೆ ಕೆಲಸವಿಲ್ಲ.

ಗೇರಿನ ವಿಷಯದಲ್ಲಿ ಅಂಗಡಿ ಸೋಲುತ್ತದೆ. ಬುದ್ಧಿಗೇನೂ ಕೊರತೆಯಿಲ್ಲ, ಇರುವ ಸಾಮಾನು ಸರಿಯಿಲ್ಲ. ಕ್ಲಾರಿಸ್ ಬೈಕಿಗೆ ಹೊಸ ಗೇರ್ ಕೇಬಲ್ ಹಾಕುವಾಗ ಹೊರಗಿನ ಪೈಪನ್ನು ಬ್ರೇಕಿನ ರೋಲಿನಿಂದಲೇ ಕತ್ತರಿಸಿದ್ದರು. ಬ್ರೇಕಿನ ಪೈಪಿನೊಳಗೆ ತಂತಿ ಸ್ಪ್ರಿಂಗಿನ ಹಾಗೆ ಸುತ್ತಿರುತ್ತದೆ, ಎಳೆದಾಗ ಅದು ಕುಗ್ಗುತ್ತದೆ. ಗೇರಿನ ಪೈಪಿನಲ್ಲಿ ತಂತಿಗಳು ಉದ್ದಕ್ಕೆ ನಿಂತಿರುತ್ತವೆ, ಕುಗ್ಗುವುದಿಲ್ಲ. ಗೇರು ಒಂದೊಂದು ಹಲ್ಲಿಗೆ ಸರಿಯಾಗಿ ನಿಲ್ಲುವುದು ಆ ಕುಗ್ಗದ ಗುಣದಿಂದಲೇ. ಸ್ಟ್ಯಾಂಡ್ ಮೇಲೆ ಎಂಟೂ ಗೇರು ಬಿದ್ದವು, ರಸ್ತೆಯಲ್ಲಿ ಹ್ಯಾಂಡಲ್ ತಿರುಗಿಸಿದಾಗ ನಾಲ್ಕು ಐದರ ನಡುವೆ ಕರಕರ. ಒಳತಂತಿಯೂ ಬೇರೆ: ಬ್ರೇಕಿಗೆ 1.6 ಮಿಲಿಮೀಟರ್, ಗೇರಿಗೆ 1.2. ಗೇರಿನ 4 ಮಿಲಿಮೀಟರ್ ಪೈಪು ಮತ್ತು ತಂತಿಯನ್ನು ಮೊದಲೇ ತರಿಸಿಕೊಂಡು ಕೈಗೆ ಕೊಟ್ಟರೆ ಕೆಲಸ ಚೆನ್ನಾಗಿಯೇ ಆಗುತ್ತದೆ. ಎರಡನೇ ಸಲ ಹಾಗೇ ಆಯಿತು. ಹೊಸ ಪೈಪು ಒಂದೆರಡು ಸವಾರಿಯಲ್ಲಿ ಕೂರುವುದರಿಂದ ಗೇರು ದೊಡ್ಡ ಹಲ್ಲಿಗೆ ಏರಲು ಹಿಂದೆಮುಂದೆ ನೋಡುತ್ತದೆ. ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಹಿಂದಿನ ಡಿರೈಲರ್ ಹತ್ತಿರ ಕೇಬಲ್ ಬಿಗಿ ಮಾಡುವ ಬ್ಯಾರಲನ್ನು, ಹಿಂದಿನಿಂದ ನೋಡಿ, ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ. ಎಚ್ ಮತ್ತು ಎಲ್ ಸ್ಕ್ರೂಗಳಿಗೆ ಆಗ ಕೈ ಹಾಕಬೇಡಿ. ಅವು ಇರುವುದು ಚೈನು ಎರಡು ತುದಿಯಲ್ಲಿ ಹೊರಗೆ ಬೀಳದಿರಲು, ಗೇರು ಹೊಂದಿಸಲು ಅಲ್ಲ.

ಬಿದ್ದ ಸೈಕಲ್ಲಿನಲ್ಲಿ ಡಿರೈಲರ್ ತೂಗುವ ಹ್ಯಾಂಗರನ್ನು ಕಣ್ಣಳತೆಯಲ್ಲಿ ಸ್ಪ್ಯಾನರ್ ಹಿಡಿದು ನೆಟ್ಟಗೆ ಮಾಡುತ್ತಾರೆ. 8 ಸ್ಪೀಡಿಗೆ ನಡೆಯುತ್ತದೆ. 11 ಸ್ಪೀಡಿನವರು ಈ ಕೆಲಸಕ್ಕೆ ಗೇಜ್ ಇರುವ ಕಡೆ ಹೋಗಬೇಕು. ಬಿಗಿ ಎಷ್ಟೆಂದು ಅಳೆಯುವ ಟಾರ್ಕ್ ರೆಂಚ್ ಕೂಡ ಇಲ್ಲ. ಹ್ಯಾಂಡಲ್ ಹಿಡಿದಿಡುವ ಅಲ್ಯೂಮಿನಿಯಂ ಸ್ಟೆಮ್ಮಿಗೆ ಕೈಯ ಅಂದಾಜು ಸಾಕು, ಕಾರ್ಬನ್ ಸೀಟ್ ಪೋಸ್ಟನ್ನು ಇಲ್ಲಿ ಬಿಗಿಸಬೇಡಿ.

ಡಿಸ್ಕ್ ಬ್ರೇಕಿನ ಹೈಬ್ರಿಡ್ ವಾಪಸ್ ಬಂದಾಗ ಕಿರುಚುತ್ತಿತ್ತು. ಕಾರಣ ಸರಳ: ಚೈನು ಒರೆಸಿದ ಬಟ್ಟೆಯಲ್ಲೇ ಡಿಸ್ಕನ್ನೂ ಒರೆಸಿದ್ದರು. ಎಣ್ಣೆ ಕುಡಿದ ಪ್ಯಾಡನ್ನು ಉಪ್ಪುಕಾಗದದಲ್ಲಿ ತಿಕ್ಕಿದರೆ ಎರಡು ದಿನ ಸುಮ್ಮನಿರುತ್ತದೆ, ಮೂರನೇ ದಿನ ಮತ್ತೆ ಶುರು. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಹೊಸ ಪ್ಯಾಡ್ ಹಾಕಬೇಕಾಯಿತು. ಅಂಗಡಿಯವರು ತಪ್ಪು ಒಪ್ಪಿಕೊಂಡು ಕೂಲಿ ತೆಗೆದುಕೊಳ್ಳಲಿಲ್ಲ, ಪ್ಯಾಡಿನ ದುಡ್ಡು ಗಿರಾಕಿಯದೇ ಆಯಿತು. ಡಿಸ್ಕ್ ಇದ್ದರೆ ಒಂದು ಹೊಸ ಬಟ್ಟೆ ನೀವೇ ಕೊಂಡೊಯ್ಯಿರಿ.

ಟೈರಿನ ತಪಾಸಣೆಗೆ ಪೂರ್ತಿ ಅಂಕ. ದಾವಣಗೆರೆಯಿಂದ ಚಿತ್ರದುರ್ಗದ ತನಕ ರಸ್ತೆ ಅಂಚಿನಲ್ಲಿ ಬಳ್ಳಾರಿ ಜಾಲಿಗೆ ಬರವಿಲ್ಲ. ಮುಳ್ಳು ಹೊರಗೆ ಮುರಿದು ಒಳಗೆ ಮೊನೆ ಉಳಿದಿದ್ದರೆ ಕಣ್ಣಿಗೂ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ. ಟ್ಯೂಬ್ ಬದಲಿಸಿದ ಹತ್ತು ನಿಮಿಷಕ್ಕೆ ಮತ್ತೆ ಪಂಚರ್. ಇಲ್ಲಿ ಟೈರಿನ ಒಳಗೆ ಹತ್ತಿಯ ಉಂಡೆ ಎಳೆಯುತ್ತಾರೆ, ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳು. ಗಾಳಿಯ ವಿಷಯದಲ್ಲಿ ಹಳೆಯ ನಂಬಿಕೆ ಇನ್ನೂ ಇದೆ, ಗಟ್ಟಿ ಇದ್ದಷ್ಟೂ ಓಟ ಜಾಸ್ತಿ ಅಂತ. 25 ಎಂಎಂ ಟೈರಿಗೆ 120 ಪಿಎಸ್ಐ ತುಂಬಿದರೆ ನಮ್ಮ ಒರಟು ಡಾಂಬರಿನ ಮೇಲೆ ಸೈಕಲ್ ಕುಣಿಯುತ್ತದೆ, ಕುಣಿತಕ್ಕೆ ಹೋದ ಶಕ್ತಿ ಮುಂದಕ್ಕೆ ಹೋಗುವುದಿಲ್ಲ. 65 ಕೆಜಿಯ ಸವಾರನಿಗೆ 25 ಎಂಎಂನಲ್ಲಿ 85 ಆಸುಪಾಸು, 28 ಎಂಎಂನಲ್ಲಿ 70 ಆಸುಪಾಸು ಸಾಕು. ಹಿಂದಕ್ಕಿಂತ ಮುಂದೆ ಐದು ಕಡಿಮೆ. ಸಪೂರ ಬಾಯಿಯ ಪ್ರೆಸ್ಟಾ ವಾಲ್ವಿನವರು ಹಿತ್ತಾಳೆಯ ಅಡಾಪ್ಟರ್ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ರಸ್ತೆಬದಿಯ ಪಂಚರ್ ಅಂಗಡಿಯ ಕಂಪ್ರೆಸರ್ ಬಾಯಿ ಅದಿಲ್ಲದೆ ಕೂರುವುದಿಲ್ಲ.

ಈ ಅಂಗಡಿಯ ಇನ್ನೊಂದು ಸೇವೆಗೆ ದರಪಟ್ಟಿಯೇ ಇಲ್ಲ. ಸುತ್ತಮುತ್ತ ರೇಸ್ ಇದ್ದ ದಿನ ಮಾಲೀಕರು ಎರಡು ಸಿದ್ಧ ವೀಲು, ಪಂಪು, ಚೈನ್ ಕಟರ್, ನಾಲ್ಕು ಕಾಟರ್ ಪಿನ್ನು ಹಿಡಿದು ಡ್ರಮ್ಮಿನ ಹತ್ತಿರ ನಿಲ್ಲುತ್ತಾರೆ. ರೇಸ್ ನೋಡಲು ಹೋಗುವವರಿಗೂ ಅದೇ ಸರಿಯಾದ ಜಾಗ. ಫಿನಿಶ್ ಗೆರೆಯಲ್ಲಿ ಕಾಣುವುದು ಬೆನ್ನುಗಳು ಮತ್ತು ಮೊಬೈಲ್ ಹಿಡಿದ ಕೈಗಳು. ಡ್ರಮ್ಮಿನ ಹತ್ತಿರ ರೇಸ್ ಎರಡು ಸಲ ನಿಮ್ಮ ಮುಂದೆ ನಡೆಯುತ್ತದೆ, ಬರುವಾಗ ಒಮ್ಮೆ, ತಿರುಗಿ ಏಳುವಾಗ ಒಮ್ಮೆ. ಯಾರ ಚೈನು ಒಣಗಿದೆ, ಯಾರ ಪಿನ್ನು ಸಡಿಲಿದೆ, ಯಾರ ಬ್ರೇಕು ರಿಮ್ಮಿಗೆ ತಾಗುತ್ತಿದೆ ಎನ್ನುವುದು ಕಣ್ಣು ಮುಚ್ಚಿದರೂ ಕೇಳುತ್ತದೆ. ಆಷಾಢದ ಗಾಳಿಯಲ್ಲಿ ಇನ್ನೂ ಚೆಂದ. ದಾವಣಗೆರೆ 600 ಮೀಟರ್ ಎತ್ತರದಲ್ಲಿದ್ದರೆ ಚಿತ್ರದುರ್ಗ 730ರ ಹತ್ತಿರ. ಆ ಕಡೆ ಹೋಗುವಾಗ ಏರಿದ್ದರೂ ಪಡುವಣ ಗಾಳಿ ಬೆನ್ನಿಗಿರುತ್ತದೆ, ಬರುವಾಗ ಇಳಿಜಾರಿದ್ದರೂ ಗಾಳಿ ಎದೆಗೆ ಹೊಡೆಯುತ್ತದೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಗಾಳಿಯ ಮರೆಗಾಗಿ ಗುಂಪು ಓರೆಯಾಗಿ ರಸ್ತೆಯ ಅಗಲಕ್ಕೆ ಹರಡುವುದು, ಅಂಚಿನಲ್ಲಿ ಜಾಗ ಸಿಗದವರು ಒಬ್ಬೊಬ್ಬರೇ ಕಳಚಿಕೊಳ್ಳುವುದು ತಿರುವು ದಾಟಿದ ಮೊದಲ ಕಿಲೋಮೀಟರಿನಲ್ಲೇ. ಸುಗ್ಗಿಯ ತಿಂಗಳುಗಳಲ್ಲಿ ಮಾತ್ರ ತಿರುವಿನ ಒಳಪಕ್ಕ ನಿಲ್ಲಬೇಡಿ, ಹೊರಪಕ್ಕವೂ ಬೇಡ, ಹಿಂದೆ ಸರಿದು ನಿಲ್ಲಿ. ರಸ್ತೆಯ ಮೇಲೆ ಒಣಹಾಕಿದ ಮೆಕ್ಕೆಜೋಳವನ್ನು ಬೆಳಗ್ಗೆ ಗುಡಿಸಿದರೂ ನಾಲ್ಕು ಕಾಳು ಉಳಿದಿರುತ್ತವೆ, ಟೈರಿನ ಕೆಳಗೆ ಅವು ಬೇರಿಂಗ್ ಬಾಲೇ.

ಕೊಡುವ ಸಮಯ ಮುಖ್ಯ. ರೇಸಿನ ಹಿಂದಿನ ದಿನ ತಂದುಕೊಟ್ಟು ರಾತ್ರಿ ಒಯ್ಯುವವರೇ ಹೆಚ್ಚು, ಅಂಗಡಿಯವರೂ ಬೇಡ ಅನ್ನುವುದಿಲ್ಲ, ಅನ್ನಬೇಕಿತ್ತು. ಪಿನ್ನು ಕೂರಬೇಕು, ಪೈಪು ಕೂರಬೇಕು, ಹೊಸ ಚೈನು ಹಳೆಯ ಹಲ್ಲಿಗೆ ಹೊಂದುತ್ತದೋ ಇಲ್ಲವೋ ಗೊತ್ತಾಗಬೇಕು. ಎಂಟು ದಿನ ಮುಂಚೆ ಕೊಡಿ, ಎರಡು ದಿನದಲ್ಲಿ ಪಡೆಯಿರಿ, ಬೆಳಗಿನ ಹೊತ್ತು ಎರಡು ಸಲ ಮೂವತ್ತು ಕಿಲೋಮೀಟರ್ ಓಡಿಸಿ, ಅದರಲ್ಲಿ ಹತ್ತು ಸಲವಾದರೂ ಎದ್ದು ನಿಂತು ಜೋರಾಗಿ ತುಳಿಯಿರಿ, ಮತ್ತೆ ಒಯ್ದು ಬಿಗಿಸಿ. ಪಡೆಯುವಾಗ ನೋಡಬೇಕಾದ್ದು ನಾಲ್ಕೇ: ಕ್ರ್ಯಾಂಕ್ ಹಿಡಿದು ಅಡ್ಡಕ್ಕೆ ಅಲುಗಿಸಿ, ರಿಮ್ ಹಿಡಿದು ಅಡ್ಡಕ್ಕೆ ಅಲುಗಿಸಿ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಹಿಂದೆಮುಂದೆ ನೂಕಿ, ಗೇರಿಲ್ಲದ್ದಾದರೆ ಚೈನಿನ ಮಧ್ಯ ಅರ್ಧ ಇಂಚು ಮೇಲೆ ಕೆಳಗೆ ಆಡುತ್ತದೋ ನೋಡಿ. ಸಂಜೆ ಆರರ ಮೇಲೆ ಹೋದರೆ ಮಾತಿಗೂ ಸಿಗುತ್ತಾರೆ. ಭಾನುವಾರ ಮಧ್ಯಾಹ್ನದ ತನಕ ಅಂಗಡಿ ತೆರೆದಿರುತ್ತದೆ. ರೇಸಿದ್ದ ಭಾನುವಾರ ಬಾಗಿಲು ಹಾಕಿದ್ದರೆ ಡ್ರಮ್ಮಿನ ಹತ್ತಿರ ಹೋಗಿ ನೋಡಿ.